ಪೆನ್ನಿನ ಎರಡು ತುದಿಗಳು

ಮರದ ಸಣ್ಣ ತುಂಡೊಂದನ್ನು ಲೇತಿನಲ್ಲಿ ಕಡೆದು, ಸಿದ್ಧವಾಗಿ ದೊರೆಯುವ ಲೋಹದ ಭಾಗಗಳನ್ನು ಅದಕ್ಕೆ ಕೂಡಿಸಿ ಪೆನ್ನು ಮಾಡುವ ಹವ್ಯಾಸ ಅಮೆರಿಕ ಮತ್ತು ಬ್ರಿಟನ್ನಿನ ಮರಗೆಲಸಪ್ರಿಯರಲ್ಲಿ ಚೆನ್ನಾಗಿ ಬೇರೂರಿದೆ. ಹಿತ್ತಾಳೆಯ ಕೊಳವೆ, ಮೊನೆ, ನಡುವಿನ ಬಳೆ, ಕ್ಲಿಪ್, ತಲೆಯ ಟೊಪ್ಪಿ, ರೀಫಿಲ್ಲನ್ನು ಹೊರಚಾಚಿ ಒಳಸೆಳೆಯುವ ತಿರುಗಣೆ ಇವೆಲ್ಲ ಒಂದೇ ಪೊಟ್ಟಣದಲ್ಲಿ ಬರುತ್ತವೆ. ಆ ಪೊಟ್ಟಣವನ್ನೇ ಕಿಟ್ ಎನ್ನುತ್ತಾರೆ. ಸಿದ್ಧವಾದ ಪೆನ್ನನ್ನು ಕೈಗೆತ್ತಿಕೊಂಡವರು ಮೊದಲು ಮರವನ್ನು ಮೆಚ್ಚುವುದು ಸಹಜವೇ ಆದರೂ, ಆ ಪೆನ್ನಿನ ಗಾತ್ರ, ತೂಕ, ಬಣ್ಣ, ಬಾಳಿಕೆಗಳ ಬಹುಪಾಲು ನಿರ್ಧಾರವಾಗುವುದು ಮರ ಲೇತನ್ನು ಏರುವ ಮೊದಲು, ಎರಡು ತುದಿಗಳಿಗೆ ಯಾವ ಲೋಹಭಾಗ ಎಂಬ ಆಯ್ಕೆ ನಡೆಯುವಾಗ.

ಈ ಮಾತಿನ ಅರ್ಥ ಅಳತೆಯಲ್ಲಿ ಸ್ಪಷ್ಟವಾಗುತ್ತದೆ. ಹೊಸಬರು ಸಾಮಾನ್ಯವಾಗಿ ಆರಂಭಿಸುವ ‘ಸ್ಲಿಮ್‌ಲೈನ್’ ಮಾದರಿಯಲ್ಲಿ ಮರಕ್ಕೆ 7 ಮಿ.ಮೀ. ರಂಧ್ರ ಕೊರೆದು ಹಿತ್ತಾಳೆಯ ಕೊಳವೆಯನ್ನು ಅಂಟಿಸಲಾಗುತ್ತದೆ. ತುದಿಯ ಲೋಹಭಾಗದ ವ್ಯಾಸವೋ 8 ಮಿ.ಮೀ.ಗಿಂತ ಸ್ವಲ್ಪವೇ ಹೆಚ್ಚು. ಹೀಗಾಗಿ ತುದಿಗಳಲ್ಲಿ ಕೊಳವೆಯ ಮೇಲೆ ಉಳಿಯುವ ಮರದ ದಪ್ಪ ಒಂದು ಮಿ.ಮೀ. ಕೂಡ ಇರುವುದಿಲ್ಲ. ಈ ಗಡಿಯನ್ನು ತೋರಿಸಲೆಂದೇ ಕಡೆಯುವಾಗ ಮರದ ಇಕ್ಕೆಲಗಳಲ್ಲಿ ‘ಬುಷ್’ ಎಂಬ ಉಕ್ಕಿನ ಬಿಲ್ಲೆಗಳನ್ನು ಇರಿಸಲಾಗುತ್ತದೆ. ಅವುಗಳ ಹೊರವ್ಯಾಸ ಮುಂದೆ ಅಲ್ಲಿ ಕೂರಲಿರುವ ಲೋಹಭಾಗದ ವ್ಯಾಸವೇ ಆಗಿರುತ್ತದೆ. ನಡುವೆ ಮರ ಉಬ್ಬಬಹುದು, ಸೊಂಟದಂತೆ ಸಣ್ಣಗಾಗಬಹುದು. ತುದಿಯಲ್ಲಿ ಮಾತ್ರ ಅದು ಲೋಹದ ಅಳತೆಗೆ ಬಂದು ನಿಲ್ಲಲೇಬೇಕು.

ಲೋಹ ಮತ್ತು ಮರ ಸೇರುವ ಈ ಗೆರೆಯೇ ಕೆಲಸದ ನಿಜವಾದ ಪರೀಕ್ಷೆ. ಪಳಗಿದವರು ಅದನ್ನು ಕಣ್ಣಿನಿಂದಲ್ಲ, ಹೆಬ್ಬೆರಳಿನ ಉಗುರಿನಿಂದ ನೋಡುತ್ತಾರೆ: ಮೊನೆಯ ಲೋಹದಿಂದ ಮರದತ್ತ, ಮತ್ತೆ ಮರದಿಂದ ಲೋಹದತ್ತ ಉಗುರನ್ನು ಮೆಲ್ಲನೆ ಎಳೆದಾಗ ಎಲ್ಲಿಯೂ ತಡೆಯಬಾರದು. ಉಪ್ಪುಕಾಗದದಿಂದ ಒಂದೆರಡು ಬಾರಿ ಹೆಚ್ಚಾಗಿ ಉಜ್ಜಿದರೂ ಮರ ತಗ್ಗಿ ಲೋಹದ ಅಂಚು ಎದ್ದು ನಿಲ್ಲುತ್ತದೆ. ಮರಕ್ಕೆ ಹೊಳಪು ಕೊಡಲು ಸೂಪರ್‌ಗ್ಲೂ ಜಾತಿಯ ಅಂಟನ್ನು ಪದರಪದರವಾಗಿ ಬಳಿಯುವ ಕ್ರಮದಲ್ಲಿ ಆ ಪದರಗಳಿಗೂ ದಪ್ಪವಿರುವುದರಿಂದ, ಮರವನ್ನು ಬುಷ್‌ಗಿಂತ ಕೂದಲೆಳೆಯಷ್ಟು ಕೆಳಗೆ ಕಡೆದು, ಲೇಪದ ಮೂಲಕ ಸಮಕ್ಕೆ ತರಬೇಕಾಗುತ್ತದೆ. ಸರಿಯಾಗಿ ಒಣಗದ ಮರವನ್ನು ಬಳಸಿದರೆ, ಇಷ್ಟೆಲ್ಲ ಜಾಗ್ರತೆ ವಹಿಸಿದ ಮೇಲೂ ಕೆಲವು ತಿಂಗಳಲ್ಲಿ ಅದು ಕುಗ್ಗಿ ಉಗುರಿಗೆ ಅಂಚು ಸಿಗತೊಡಗುತ್ತದೆ.

ಬಣ್ಣದ ಆಯ್ಕೆಯಲ್ಲಿ ಸೊಗಸು ಮತ್ತು ಬಾಳಿಕೆ ಸದಾ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಮಲೆನಾಡಿನವರಿಗೆ ಬೀಟೆಯೆಂದು ಪರಿಚಿತವಾದ, ನಸುನೇರಳೆ ಛಾಯೆಯ ಕಂದು ಮರಕ್ಕೆ ಚಿನ್ನದ ಬಣ್ಣ ಬಲು ಚೆನ್ನಾಗಿ ಒಪ್ಪುತ್ತದೆ. ಬಿಳುಪಾದ ಮೇಪಲ್ ಮರಕ್ಕೆ ಕ್ರೋಮಿಯಮ್ಮಿನ ತಣ್ಣನೆಯ ಹೊಳಪು ಹೊಂದುತ್ತದೆ. ಆದರೆ 24 ಕ್ಯಾರೆಟ್ ಚಿನ್ನ ಮೃದುವಾದ ಲೋಹ. ಅದರ ತೆಳುವಾದ ಗಿಲೀಟು ದಿನವೂ ಬರೆಯುವ ಕೈಯ ಬೆವರು ಮತ್ತು ಉಜ್ಜಾಟಕ್ಕೆ ಸವೆದು, ಬೆರಳು ತಾಗುವ ಮೊನೆಯಲ್ಲೇ ಮೊದಲು ಅಡಿಯ ಲೋಹವನ್ನು ತೋರಿಸುತ್ತದೆ. ಅದೇ ಹೊನ್ನಿನ ಛಾಯೆಯನ್ನು ಟೈಟೇನಿಯಮ್ ನೈಟ್ರೈಡ್ ಲೇಪವೂ ಕೊಡುತ್ತದೆ. ಲೋಹ ಕೊರೆಯುವ ಬೈರಿಗೆಗಳು ಬೇಗ ಸವೆಯದಿರಲೆಂದು ಬಳಿಯುವಷ್ಟು ಗಟ್ಟಿಯಾದ ಲೇಪವದು. ಆದ್ದರಿಂದ ವಿಶೇಷ ಸಂದರ್ಭದಲ್ಲಿ ಸಹಿಗಷ್ಟೇ ಹೊರಬರುವ ಪೆನ್ನಿಗೆ ಚಿನ್ನವನ್ನೂ, ಗುಮಾಸ್ತರ ಜೇಬಿನಲ್ಲಿ ದಿನವಿಡೀ ದುಡಿಯುವ ಪೆನ್ನಿಗೆ ಕ್ರೋಮಿಯಮ್, ರೋಡಿಯಮ್ ಅಥವಾ ಈ ನೈಟ್ರೈಡನ್ನೂ ಆರಿಸುವುದು ವಿವೇಕ.

ಮುಚ್ಚಳವಿರುವ ಶಾಯಿಪೆನ್ನಿನಲ್ಲಿ ಆಯ್ಕೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮುಚ್ಚಳದ ಒಳಗೆ ನಿಬ್ಬಿನ ಸುತ್ತ ಗಾಳಿಯಾಡದಂತೆ ಬಿಗಿ ಇಲ್ಲದಿದ್ದರೆ ಶಾಯಿ ಒಣಗಿ ಬರಹ ತಡವರಿಸುತ್ತದೆ. ಮರೆಯನ್ನು, ಅಂದರೆ ತಿರುಚಿ ಮುಚ್ಚುವ ಸುರುಳಿಗೆರೆಯನ್ನು, ಒಂದೇ ಎಳೆಯಲ್ಲಿ ಕೊರೆದಿದ್ದರೆ ಹಲವು ಸುತ್ತು ತಿರುಗಿಸಬೇಕು. ಜೊತೆಜೊತೆಯಾಗಿ ಸಾಗುವ ಮೂರು ಎಳೆಗಳಿದ್ದರೆ ಕೆಲವೇ ಸುತ್ತು ಸಾಕು. ಬರೆಯುವಾಗ ಮುಚ್ಚಳವನ್ನು ಹಿಂಬದಿಗೆ ಸಿಕ್ಕಿಸುವ ರೂಢಿಯುಳ್ಳವರಿಗೆ ಭಾರವಾದ ಲೋಹದ ಟೊಪ್ಪಿ ತೊಡಕು. ತೂಕವೆಲ್ಲ ಹಿಂದಕ್ಕೆ ಸರಿದು ಮೊನೆ ಕಾಗದದಿಂದ ಮೇಲೇಳಲು ನೋಡುತ್ತದೆ. ಅಂಥವರಿಗೆ ಟೊಪ್ಪಿಯ ಕೆತ್ತನೆಯ ಚೆಲುವಿಗಿಂತ ಅದರ ಹಗುರತನವೇ ಮುಖ್ಯ.

ಲೋಹಭಾಗಗಳನ್ನು ಕೊಳವೆಯೊಳಕ್ಕೆ ಒತ್ತಿ ಕೂರಿಸಿದ ಮೇಲೆ ಮರಕ್ಕೆ ಅಪಾಯವಾಗದಂತೆ ಬಿಡಿಸುವುದು ಕಷ್ಟ. ಆದ ಕಾರಣ ಬಲ್ಲವರು ಒತ್ತುವ ಮುನ್ನ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮೇಲಿನ ಮತ್ತು ಕೆಳಗಿನ ತುಂಡುಗಳ ಎಳೆ ಒಂದಕ್ಕೊಂದು ಕೂಡುವುದೇ, ಮರದ ಅತ್ಯಂತ ಚೆಲುವಾದ ಭಾಗ ಕ್ಲಿಪ್ಪಿನ ಅಡಿಯಲ್ಲಿ ಮರೆಯಾಗುವುದೇ ಎಂದು ಪರಿಶೀಲಿಸುತ್ತಾರೆ. ಕೊಂಡುತಂದ ಲೋಹದಲ್ಲಿ ಮಾಡುವವರ ಸ್ವಂತಿಕೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಕಿಟ್ ಎಲ್ಲರಿಗೂ ಒಂದೇ ಆಗಿರಬಹುದು, ಆದರೆ ಯಾವ ಮರಕ್ಕೆ ಯಾವ ತುದಿ, ಯಾರ ಕೈಗೆ ಎಷ್ಟು ತೂಕ ಎಂಬ ವಿವೇಚನೆಯನ್ನು ಯಾವ ಪೊಟ್ಟಣದಲ್ಲೂ ತುಂಬಿಕೊಡಲಾಗದು. ಬರೆಯುವ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದ ತುದಿಗಳಿಂದಲೇ ಒಂದೇ ಮಾದರಿಯ ನೂರು ಪೆನ್ನುಗಳಲ್ಲಿ ಒಂದು ಅವರದೇ ಆಗುತ್ತದೆ.