ತಂಗಡಗಿಯಲ್ಲಿ ಅಂಕಲ್ ಪೈ ನೆನಪು

ಮುದ್ದೇಬಿಹಾಳದಿಂದ ತಂಗಡಗಿಗೆ ಹೋಗುವ ಬಸ್ಸಿನಲ್ಲಿ ಮಗಳಿಗೆ ಬಸವಣ್ಣನವರ ಕಥೆ ಹೇಳುತ್ತಿದ್ದೆ. ನನಗದು ಮೊದಲು ಸಿಕ್ಕಿದ್ದು ‘ಅಮರ ಚಿತ್ರ ಕಥೆ’ಯಲ್ಲಿ. ರಟ್ಟು ಹರಿದ ಪುಸ್ತಕ. ಅಕ್ಕ ಓದುತ್ತಿದ್ದಳು, ನಾನು ಚಿತ್ರ ನೋಡುತ್ತಿದ್ದೆ.

1967ರಲ್ಲಿ ಆ ಮಾಲೆ ಆರಂಭಿಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಎರಡು ವರ್ಷಕ್ಕೇ ಅಪ್ಪ–ಅಮ್ಮನನ್ನು ಕಳೆದುಕೊಂಡವರು. ದೆಹಲಿಯ ಟೀವಿ ಕ್ವಿಜ್‌ನಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಪಟಪಟ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅದು ಅವರಿಗೆ ಚುಚ್ಚಿತು. ಮಕ್ಕಳಿಗೆಲ್ಲ ‘ಅಂಕಲ್ ಪೈ’ ಆದ ಅವರು 2011ರಲ್ಲಿ ತೀರಿಕೊಂಡರು.

ತಂಗಡಗಿಯಲ್ಲಿ ಇಳಿದು, ಕೃಷ್ಣೆಯ ದಂಡೆಯಲ್ಲಿ ರೊಟ್ಟಿ ಬುತ್ತಿ ಬಿಚ್ಚಿದೆವು. ಕಲ್ಯಾಣದಿಂದ ಹಡಪದ ಅಪ್ಪಣ್ಣನ ಜತೆ ಕೂಡಲಸಂಗಮಕ್ಕೆ ಹೊರಟಿದ್ದ ನೀಲಮ್ಮನಿಗೆ, ಬಸವಣ್ಣ ಐಕ್ಯರಾದ ಸುದ್ದಿ ಇಲ್ಲಿ ತಿಳಿಯಿತಂತೆ. ಸಂಗಮನಾಥ ಇಲ್ಲಿಯೂ ಇದ್ದಾನಲ್ಲ ಎಂದು ಆಕೆ ಮುಂದೆ ಹೋಗಲೇ ಇಲ್ಲವಂತೆ, ಇಲ್ಲೇ ಐಕ್ಯಳಾದಳಂತೆ.

“ಇದು ನಿನ್ನ ಪುಸ್ತಕದಲ್ಲಿತ್ತಾ?” ಮಗಳು ಕೇಳಿದಳು.

ನೆನಪಾಗಲಿಲ್ಲ. ಕೇಳೋಣವೆಂದರೆ ಅಕ್ಕನೂ ಈಗಿಲ್ಲ.

ಮಗಳು ನೋಟ್‌ಬುಕ್ ತೆಗೆದು ಹೊಳೆ ಬರೆದಳು, ದಂಡೆಯಲ್ಲಿ ನೀಲಮ್ಮ. ಬಾಯಿಯ ಪಕ್ಕ, ಚಿತ್ರಕಥೆಯಲ್ಲಿರುವಂತೆ, ಒಂದು ಖಾಲಿ ಗುಳ್ಳೆ.

“ಮಾತು ನೀನು ಬರಿ,” ಎಂದು ಪೆನ್ಸಿಲ್ ಕೊಟ್ಟಳು.