ಬೆಳಗಿನ ಮುನಿಸು

ನಮ್ಮ ಮನೆಯ ಲ್ಯಾಪ್‌ಟಾಪಿಗೂ ನಮ್ಮವರಿಗೂ ಒಂದು ಹೋಲಿಕೆಯಿದೆ. ಬೆಳಗ್ಗೆ ಎಬ್ಬಿಸಿದ ಕೂಡಲೇ ಇಬ್ಬರೂ ಸಿಡುಕುತ್ತಾರೆ. ನಮ್ಮವರು ಒಂದು ಲೋಟ ಕಾಫಿಗೆ ಸರಿಹೋಗುತ್ತಾರೆ. ಇದಕ್ಕೆ ಏನು ಕುಡಿಸಬೇಕೆಂದು ತಿಳಿಯದೆ ನಾನು ಒಂದು ತಿಂಗಳು ಒದ್ದಾಡಿದೆ.

ಲ್ಯಾಪ್‌ಟಾಪ್ ಮಗಳದು. 2019ರಲ್ಲಿ ಕಾಲೇಜಿಗೆಂದು ಕೊಡಿಸಿದ್ದು. ಕೆಲಸ ಸಿಕ್ಕಿ ಅವಳು ಹೊಸದು ಕೊಂಡ ಮೇಲೆ, ಅವಳ ಹಳೆಯ ಕೊಡೆ, ಹಳೆಯ ಸ್ವೆಟರು ನನ್ನ ಪಾಲಿಗೆ ಬಂದಂತೆ ಇದೂ ಬಂತು. ನನಗೇನೂ ಬೇಸರವಿರಲಿಲ್ಲ. ಆದರೆ ಕಳೆದ ಆಷಾಢದಲ್ಲಿ ಅದಕ್ಕೆ ಈ ರೋಗ ಹಿಡಿಯಿತು. ಗುಂಡಿ ಒತ್ತಿದರೆ ಪರದೆ ಬೆಳಗುವುದು, ಪಾಸ್‌ವರ್ಡ್ ಕೇಳುವುದು, ಇನ್ನೇನು ತೆರೆಯಿತು ಎನ್ನುವಷ್ಟರಲ್ಲಿ ಎಲ್ಲ ನೀಲಿ! ಮೇಲೊಂದು ಅಳುಮುಖ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಆಮೇಲೆ ತಾನಾಗಿಯೇ ಮತ್ತೆ ಶುರುವಾಗಿ, ಏನೂ ನಡೆದೇ ಇಲ್ಲವೆಂಬಂತೆ ರಾತ್ರಿಯವರೆಗೆ ದುಡಿಯುವುದು.

"ಎರಡನೇ ಸಲಕ್ಕೆ ಸರಿಹೋಗುತ್ತಲ್ಲ, ಬಿಡು" ಎಂದರು ನಮ್ಮವರು. ಮಳೆಗಾಲದ ತೇವವಿರಬೇಕೆಂದು ನಾನು ಅದನ್ನು ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿಟ್ಟೆ. ಮುನಿಸು ಹೋಗಲಿಲ್ಲ. ಕೊನೆಗೆ ಪೇಟೆಯ ಅಂಗಡಿಗೆ ಹೊತ್ತುಕೊಂಡು ಹೋದೆ.

ಅಲ್ಲಿಯ ಹುಡುಗ ಎರಡು ನಿಮಿಷವೂ ನೋಡಲಿಲ್ಲ. "ಆಂಟಿ, ಫಾರ್ಮ್ಯಾಟ್ ಮಾಡಿ ನೋಡೋಣ. ಆಗ್ಲಿಲ್ಲ ಅಂದ್ರೆ ಮದರ್‌ಬೋರ್ಡ್ ಹೋಗಿದೆ ಅಂತ ಲೆಕ್ಕ, ಹೊಸದೇ ತಗೊಳ್ಳಿ" ಎಂದ.

"ಫಾರ್ಮ್ಯಾಟ್ ಅಂದ್ರೆ?"

"ಒಳಗಿರೋದೆಲ್ಲ ಅಳಿಸಿ ಹೊಸದಾಗಿ ಹಾಕೋದು."

ನನ್ನ ಎದೆ ಧಸಕ್ಕೆಂದಿತು. ಆ ಡಬ್ಬಿಯೊಳಗೆ ನನ್ನ ಅಮ್ಮ ಇದ್ದಳು. ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ ಅವಳನ್ನು ಕೂರಿಸಿಕೊಂಡು ಹಸೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಎಂದು ನಲವತ್ತಕ್ಕೂ ಹೆಚ್ಚು ಹಾಡುಗಳನ್ನು ಫೋನಿನಲ್ಲಿ ಹಿಡಿದಿದ್ದೆ. ಫೋನಿನಲ್ಲಿ ಜಾಗ ಸಾಲದೆ ಇಲ್ಲಿಗೆ ಸಾಗಿಸಿ, ಅಲ್ಲಿಂದ ಅಳಿಸಿಬಿಟ್ಟಿದ್ದೆ. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಓಡಿ ಬಂದೆ.

ರಾತ್ರಿ ಮಗಳಿಗೆ ಫೋನು ಮಾಡಿದೆ. "ಅಮ್ಮಾ, ರಿಪೇರಿ ಆಮೇಲೆ. ಮೊದಲು ಅಜ್ಜಿಯ ಹಾಡನ್ನು ಎರಡು ಪೆನ್‌ಡ್ರೈವಿಗೆ ಹಾಕು. ಒಂದು ಸಾಲದು. ಆಮೇಲೆ ಅದು ಯಾವಾಗ ಬೀಳುತ್ತೆ, ಯಾವಾಗ ಬೀಳಲ್ಲ ಅಂತ ಬರೆದಿಡು" ಎಂದಳು.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ. ಒಂದು ವಾರಕ್ಕೆ ಚಿತ್ರ ಮೂಡಿತು. ಬೆಳಗೆಂದೇ ಅಲ್ಲ, ಮಧ್ಯಾಹ್ನವಾದರೂ ಸರಿ, ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದರೆ ಬೀಳುತ್ತಿತ್ತು. ರೀಸ್ಟಾರ್ಟ್ ಒತ್ತಿದರೆ ಒಮ್ಮೆಯೂ ಬೀಳಲಿಲ್ಲ. ನೀಲಿ ಪರದೆಯ ಕೆಳಸಾಲನ್ನೂ ಅಕ್ಷರ ಅಕ್ಷರ ಬರೆದುಕೊಂಡಿದ್ದೆ: "ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್."

ಓದಿ ಹೇಳಿದ್ದೇ ತಡ, ಮಗಳು ನಕ್ಕಳು. "ಇವತ್ತು ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಶಟ್‌ಡೌನ್ ಮಾಡಮ್ಮ, ಬೆಳಗ್ಗೆ ನೋಡೋಣ."

ಬೆಳಗ್ಗೆ ಅದು ತಕರಾರಿಲ್ಲದೆ ಎದ್ದು ಕೂತಿತು!

ವಿಷಯ ಇಷ್ಟೇ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಇವುಗಳಿಗೆ 'ಫಾಸ್ಟ್ ಸ್ಟಾರ್ಟಪ್' ಎಂಬ ಅಭ್ಯಾಸ. ಶಟ್‌ಡೌನ್ ಎಂದರೂ ಪೂರ್ತಿ ಆರುವುದಿಲ್ಲ. ಬೆಳಗ್ಗೆ ಬೇಗ ಏಳಲೆಂದು ತನ್ನ ನೆನಪಿನ ಒಂದು ಪಾಲನ್ನು ಡಿಸ್ಕಿನಲ್ಲಿ ಎತ್ತಿಟ್ಟುಕೊಂಡು ಮಲಗುತ್ತದೆ. ಬೆಳಗಿನ ದೋಸೆಗೆಂದು ಕಾವಲಿಯನ್ನು ರಾತ್ರಿಯೇ ಒಲೆಯ ಮೇಲಿಟ್ಟು ಮಲಗುವ ನಮ್ಮ ಹಾಗೆಯೇ ಅನ್ನಿ. ಯಂತ್ರದ ಒಂದೊಂದು ಭಾಗವನ್ನೂ ನಡೆಸಲು ಡ್ರೈವರ್ ಎಂಬ ಆಳು ಇರುತ್ತಾನೆ. ಅವರಲ್ಲಿ ಒಬ್ಬ, ನಿನ್ನೆ ಬಿಟ್ಟಲ್ಲಿಂದ ಕೆಲಸ ಹಿಡಿಯಲು ಬಾರದೆ ಮುಗ್ಗರಿಸುತ್ತಿದ್ದ. ರೀಸ್ಟಾರ್ಟಿನಲ್ಲಿ ಹಳೆಯದನ್ನೆಲ್ಲ ಬಿಟ್ಟು ಹೊಸದಾಗಿ ಶುರು ಮಾಡುವುದರಿಂದ ಅವನಿಗೆ ತೊಂದರೆಯಿರಲಿಲ್ಲ.

ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕೆಂದು ಕೇಳುವ ಕಡೆ ಫಾಸ್ಟ್ ಸ್ಟಾರ್ಟಪ್‌ನ ಮುಂದಿದ್ದ ಸರಿ ಗುರುತು ತೆಗೆದೆ. ಭಾನುವಾರ ಮಗಳು ಬಂದವಳು ಡ್ರೈವರುಗಳನ್ನೂ ಹೊಸದು ಮಾಡಿದಳು. ಈಗ ಏಳುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ. ನಿಮ್ಮ ಮನೆಯದಕ್ಕೂ ಇದೇ ಕಾಯಿಲೆ ಎಂದು ನಾನು ಹೇಳಲಾರೆ. ರ್‍ಯಾಮೋ ಡಿಸ್ಕೋ ಕೆಟ್ಟಿದ್ದರೆ ಅಂಗಡಿಗೇ ಹೋಗಬೇಕು. ಆದರೆ ಹೋಗುವ ಮೊದಲು ಒಳಗಿರುವುದನ್ನು ಬೇರೆ ಕಡೆ ತೆಗೆದಿಡಿ.

ಅಂದು ರಾತ್ರಿ ಎಲ್ಲರೂ ಕೂತು ಅಮ್ಮನ ಹಾಡು ಹಚ್ಚಿದೆವು. ಹಿಂದೆ ಕುಕ್ಕರಿನ ಸೀಟಿ, ನನ್ನ ದನಿ, "ಅಮ್ಮಾ, ಇನ್ನೂ ಸ್ವಲ್ಪ ಜೋರಾಗಿ." ಅಮ್ಮ ಮೊದಲ ಸಾಲು ಎತ್ತಿ, ನಡುವೆಯೇ ನಿಲ್ಲಿಸಿದಳು. "ತಡಿಯೇ, ತಪ್ಪಿತು. ಮೊದಲಿಂದ ಹೇಳ್ತೀನಿ."

ಹೆಚ್ಚು ಕಡಿಮೆ ಎಲ್ಲ ಹಾಡಿನ ಮೊದಲಿಗೂ ಹೀಗೆಯೇ ಇದೆ. ಒಮ್ಮೆ ಎಡವುತ್ತಾಳೆ, ಎರಡನೆಯ ಸಲಕ್ಕೆ ಹೊಳೆಯಂತೆ ಹರಿಯುತ್ತಾಳೆ. ಆ ತಪ್ಪಿದ ತುಂಡುಗಳನ್ನು ಕತ್ತರಿಸಿ ಹಾಡನ್ನಷ್ಟೇ ಉಳಿಸಿಕೊಳ್ಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಈಗ ಬೇಡವೆನಿಸಿದೆ. ಇದ್ದ ಹಾಗೆಯೇ ಮೂರನೆಯದೊಂದು ಪೆನ್‌ಡ್ರೈವಿಗೂ ಹಾಕಿ, ಬೀರುವಿನಲ್ಲಿ ಅವಳ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದೇನೆ.