ಎರಡನೆಯ ಬಕೆಟ್ಟು

ಚೆನ್ನೈಗೆ ಚಳಿಗಾಲವೇ ಇಲ್ಲ ಎಂಬುದು ನಮ್ಮ ಕಡೆಯವರ ಹಳೆಯ ತಮಾಷೆ. ಅದು ಅರ್ಧ ಮಾತ್ರ ನಿಜ. ತಮಿಳರು ಮಾರ್ಗಳಿ ಎಂದು ಕರೆಯುವ ಮಾಸದಲ್ಲಿ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ, ಇಲ್ಲಿನ ಮುಂಜಾವಿನ ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಾಲಿನ ಬೂತಿನ ಮುಂದೆ ಕಿವಿಗೆ ಮಫ್ಲರ್ ಸುತ್ತಿಕೊಂಡವರು ಕಾಣಿಸುತ್ತಾರೆ. ಮಳೆ ಬಿಡುವು ಕೊಟ್ಟ ರಾತ್ರಿಗಳಲ್ಲಿ ಇಬ್ಬನಿ ಬೀಳುತ್ತದೆ.

ಆದರೆ ರಾಯಪುರಂನ ಇಬ್ಬನಿ ಬರಿಯ ನೀರಲ್ಲ. ನಮಗೆ ಒಂದು ಬದಿಯಲ್ಲಿ ಚೆನ್ನೈ ಬಂದರು, ಇನ್ನೊಂದು ಬದಿಯಲ್ಲಿ ಕಾಸಿಮೇಡಿನ ಮೀನುಗಾರರ ಬಂದರು. ರಸ್ತೆಯಲ್ಲಿ ಹಗಲಿರುಳೂ ಕಂಟೇನರ್ ಲಾರಿಗಳು. ಈಶಾನ್ಯದ ಗಾಳಿ ಕಡಲಿನ ಉಪ್ಪನ್ನು ತರುತ್ತದೆ, ಲಾರಿಗಳು ಧೂಳನ್ನು ಎಬ್ಬಿಸುತ್ತವೆ, ಇಬ್ಬನಿ ಎರಡನ್ನೂ ಕಲಸಿ ಕಾರುಗಳ ಮೈಗೆ ಬಳಿಯುತ್ತದೆ. ದಕ್ಷಿಣ ಭಾರತದ ಮೊದಲ ರೈಲು 1856ರಲ್ಲಿ ಹೊರಟ ಈ ಊರಿಗೆ ಮಸಿ ಹೊಸದೇನಲ್ಲ. ಬಂದರಿನಲ್ಲಿ ಕಲ್ಲಿದ್ದಲು ಇಳಿಸುತ್ತಿದ್ದ ಕಾಲದಲ್ಲಿ ಒಣಹಾಕಿದ ಬಿಳಿಯ ಬಟ್ಟೆ ಸಂಜೆಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತೆಂದು ಹಳಬರು ಹೇಳುತ್ತಾರೆ. ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ 2011ರ ಅಕ್ಟೋಬರಿನಿಂದ ಕಲ್ಲಿದ್ದಲು, ಕಬ್ಬಿಣದ ಅದಿರಿನ ವಹಿವಾಟು ಇಲ್ಲಿ ನಿಂತಿತು. ಕಪ್ಪು ಕಡಿಮೆಯಾಯಿತು, ಧೂಳು ಉಳಿಯಿತು.

ನಮ್ಮ ವಸತಿ ಸಮುಚ್ಚಯದಲ್ಲಿ 14 ಕಾರುಗಳಿವೆ. ಅವನ್ನು ಒರೆಸುವವರು ಅರವತ್ತು ದಾಟಿದ ಒಬ್ಬರು; ಎಲ್ಲರೂ ಅವರನ್ನು ‘ಪೆರಿಯವರ್’ ಎನ್ನುತ್ತೇವೆ. ಕಳೆದ ಚಳಿಗಾಲದಲ್ಲಿ ಅವರನ್ನು ಕೆಲಸದಿಂದ ತೆಗೆಯಬೇಕೆಂಬ ಪ್ರಸ್ತಾಪ ಸಂಘದ ಸಭೆಗೆ ಬಂತು. ಕಾರಣ, ಗೀರುಗಳು. ಎಳೆಬಿಸಿಲು ಓರೆಯಾಗಿ ಬಿದ್ದಾಗ ಕಾರುಗಳ ಬಾನೆಟ್ಟಿನ ಮೇಲೆ ಜೇಡರ ಬಲೆಯಂಥ ಸುತ್ತುಸುತ್ತಾದ ಗೆರೆಗಳು ಕಾಣುತ್ತಿದ್ದವು. ತುಮಕೂರಿನಿಂದ ನಾನು ತಂದ, ಅಪ್ಪ ಓಡಿಸುತ್ತಿದ್ದ ಕಡುನೀಲಿ ಕಾರಿನ ಮೇಲೂ ಇದ್ದವು. ಗಾಢ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ.

ಈ ಗೆರೆಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ತಿಳಿದರೆ ತಪ್ಪು ಕೈಯದೋ ಕ್ರಮದ್ದೋ ಎಂಬುದೂ ತಿಳಿಯುತ್ತದೆ. ಕಾರಿನ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಲೇಪವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಹೊಳಪೆಂದರೆ ಅದೇ. ಧೂಳು ಸುಮ್ಮನೆ ಕೂತಿದ್ದರೆ ಅದಕ್ಕೆ ಹಾನಿಯಿಲ್ಲ. ಧೂಳಿನಲ್ಲಿರುವ ಮರಳಿನ ಕಣವನ್ನು ಬಟ್ಟೆಯಡಿ ಒತ್ತಿ ಎಳೆದಾಗ ಗೀರು ಬೀಳುತ್ತದೆ. ಒಣಬಟ್ಟೆಯಲ್ಲಿ ಒರೆಸಬಾರದೆಂಬುದು ಬಹುಮಂದಿಗೆ ಗೊತ್ತು. ಇಬ್ಬನಿಯ ಮೇಲೆ ಒರೆಸುವುದೂ ಹೆಚ್ಚುಕಡಿಮೆ ಅಷ್ಟೇ ಕೆಟ್ಟದ್ದೆಂಬುದು ಗೊತ್ತಿಲ್ಲ. ಮೈ ಒದ್ದೆಯಾಗಿ ಕಾಣುತ್ತದೆ, ಆದರೆ ಕಣವನ್ನು ತೇಲಿಸುವಷ್ಟು ನೀರು ಅಲ್ಲಿರುವುದಿಲ್ಲ. ಅದು ನೀರಲ್ಲ, ತೆಳುವಾದ ಕೆಸರು.

ಟೊರೊಂಟೊದಲ್ಲಿರುವ ತಂಗಿ ಒಮ್ಮೆ ಫೋನಿನಲ್ಲಿ, “ಅಕ್ಕಾ, ಇಲ್ಲಿ ಹಿಮ ಕರಗಲೆಂದು ರಸ್ತೆಗೇ ಉಪ್ಪು ಸುರೀತಾರೆ. ಕೊರೆತ ಕಡಿಮೆಯಾದ ದಿನ ನೋಡಿ ಕಾರಿನ ಹೊಟ್ಟೆಯಡಿ ತೊಳೆಸಬೇಕು, ಇಲ್ಲದಿದ್ದರೆ ತುಕ್ಕು” ಎಂದಿದ್ದಳು. ಅವರಿಗೆ ಉಪ್ಪು ನೆಲದಿಂದ, ನಮಗೆ ಗಾಳಿಯಿಂದ. ಬಣ್ಣ ಎದ್ದ ಕಡೆ ತಗಡನ್ನು ಹಿಡಿಯುವ ರೀತಿ ಮಾತ್ರ ಒಂದೇ. ಆದ್ದರಿಂದ ತೊಳೆಯದೆ ಬಿಡುವಂತೆಯೂ ಇಲ್ಲ.

ಸಭೆಗೆ ಮುಂಚೆ ನಾನು ಪೆರಿಯವರನ್ನು ವಿಚಾರಿಸಿದೆ. ಅವರು ತಮಿಳಿನಲ್ಲಿ ಹೇಳಿದ್ದು ಇಷ್ಟು: “ಅಮ್ಮಾ, ದಿನಕ್ಕೆ ಒಂದು ಬಕೆಟ್ಟು, ಹದಿನಾಲ್ಕು ಕಾರು. ಮೊದಲನೆಯದಕ್ಕೆ ನೀರು, ಕೊನೆಯದಕ್ಕೆ ಸೇರು.” ಸೇರು ಎಂದರೆ ಕೆಸರು.

ಒಂದೇ ಬಕೆಟ್ಟಿನ ನಿಯಮ ಅವರದಲ್ಲ, ಸಂಘದ್ದು. 2019ರ ಬೇಸಗೆಯಲ್ಲಿ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ಬತ್ತಿ, ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಆ ದಿನಗಳಲ್ಲಿ ಕಾರಿಗೆ ಒಂದು ಬಕೆಟ್ಟು ಕೊಟ್ಟದ್ದೇ ಹೆಚ್ಚು. ಮಳೆ ಮರಳಿತು, ನಿಯಮ ಮರಳಲಿಲ್ಲ. ಕೊಳವೆಬಾವಿಯ ನೀರು ಬಳಸಲಿ ಎಂದರೆ, ಕಡಲಂಚಿನ ಆ ನೀರೇ ಉಪ್ಪು. ಒಣಗಿದ ಕಡೆಯೆಲ್ಲ ಬಿಳಿಯ ಕಲೆ. ಉಪ್ಪನ್ನು ಉಪ್ಪಿನಿಂದ ತೊಳೆದಂತೆ. ಇನ್ನು ನಲ್ಲಿಯ ನೀರು: ಉತ್ತರ ಚೆನ್ನೈಗೆ ಬರುವುದರಲ್ಲಿ ಒಂದು ಪಾಲು, ಮೀಂಜೂರಿನ ಬಳಿ 2010ರಲ್ಲಿ ಆರಂಭವಾದ ಸ್ಥಾವರದಲ್ಲಿ ಕಡಲನ್ನೇ ಸಿಹಿಯಾಗಿಸಿದ್ದು. ಕಡಲ ಉಪ್ಪನ್ನು ತೊಳೆಯಲು, ಅಷ್ಟು ವಿದ್ಯುತ್ ಸುಟ್ಟು ಸಿಹಿ ಮಾಡಿದ ಕಡಲನ್ನು ಸುರಿಯುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಉತ್ತರ ತಾರಸಿಯಲ್ಲೇ ಇತ್ತು. ತಮಿಳುನಾಡಿನಲ್ಲಿ 2003ರಿಂದ ಕಟ್ಟಡಗಳಿಗೆಲ್ಲ ಮಳೆನೀರಿನ ಕೊಯ್ಲು ಕಡ್ಡಾಯ. ಈ ನಗರದ ಮಳೆಯ ದೊಡ್ಡ ಪಾಲು ಬರುವುದೂ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಚಳಿಗಾಲದ ಹೊಸ್ತಿಲಲ್ಲಿ. ಇಂಗುಗುಂಡಿಗೆ ಇಳಿಯುವ ಕೊಳವೆಯಿಂದ ಎರಡು ಡ್ರಮ್ಮಿಗೆ ನೀರು ತಿರುಗಿಸಿದರೆ ಸಾಕು. ಮಳೆನೀರು ಮೆದು, ಕಲೆ ಬಿಡುವುದಿಲ್ಲ.

ಸಭೆಯಲ್ಲಿ ನಾನು ಇಟ್ಟ ಕ್ರಮ ಹೀಗಿತ್ತು. ದಿನವೂ 14 ಕಾರು ಒರೆಸುವುದು ಬೇಡ. ದಿನಕ್ಕೆ ಎರಡರಂತೆ ವಾರಕ್ಕೊಮ್ಮೆ ಸರಿಯಾಗಿ ತೊಳೆಯಲಿ. ಬಿಸಿಲೇರುವ ಮುನ್ನ, ನೆರಳಿನಲ್ಲಿ. ಮೊದಲು ತಾರಸಿಯಿಂದ ಕೆಳಕ್ಕೆ ಚೊಂಬಿನಿಂದ ನೀರು ಸುರಿಯಬೇಕು. ಬಟ್ಟೆ ಮುಟ್ಟಿಸಬಾರದು, ಧೂಳು ತಾನಾಗಿ ಇಳಿಯಬೇಕು. ಬಳಿಕ ಎರಡು ಬಕೆಟ್ಟು: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಒಂದು ಭಾಗ ತೊಳೆದ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸದೆ ಶಾಂಪೂವಿಗೆ ಅದ್ದಬಾರದು. ಬಟ್ಟೆ ಒಗೆಯುವ ಪುಡಿ ಬೇಡ; ಮೇಣದ ರಕ್ಷಣೆಯನ್ನು ಅದು ತೆಗೆದುಬಿಡುತ್ತದೆ. ಚಕ್ರಗಳಿಗೆ ಬೇರೆಯೇ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆ ಆ ದಿನ ಕಾರಿಗೆ ವರ್ಜ್ಯ. ಕೊನೆಗೆ ಬಾಗಿಲುಗಳ ಅಡಿಯಂಚನ್ನು ತೊಳೆದು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಹರಡಿ ನೀರು ಹೀರಿಸಬೇಕು, ಉಜ್ಜಬಾರದು.

ಕ್ರಮಕ್ಕೆ ಯಾರ ವಿರೋಧವೂ ಇರಲಿಲ್ಲ. ಚರ್ಚೆ ಎದ್ದದ್ದು ಸಂಬಳದ ಬಗ್ಗೆ. ದಿನಕ್ಕೆ ಎರಡೇ ಕಾರಾದರೆ ಪೂರ್ತಿ ಸಂಬಳವೇಕೆ ಎಂದರು ಒಬ್ಬರು. ಗೀರಿಲ್ಲದ ಕಾರು ಬೇಕೋ, ಬೆವರು ಸುರಿಸುವ ಮುದುಕರು ಬೇಕೋ ಎಂದು ಕೆಳಮನೆಯ ಪಾಟಿ ಕೇಳಿದರು. ಎರಡು ಮತಗಳ ಅಂತರದಲ್ಲಿ ಪೆರಿಯವರ ಕೆಲಸವೂ ಸಂಬಳವೂ ಉಳಿದವು.

ವರ್ಷದ ದೊಡ್ಡ ಪರೀಕ್ಷೆ ಭೋಗಿ. ಪೊಂಗಲ್ ಮುನ್ನಾದಿನ ನಸುಕಿನಲ್ಲಿ ಹಳೆಯದನ್ನೆಲ್ಲ ಸುಡುವ ಹಬ್ಬ ಅದು. ಟೈರು, ಪ್ಲಾಸ್ಟಿಕ್ ಸುಡಬೇಡಿರೆಂಬ ವಿನಂತಿ ಪ್ರತಿವರ್ಷವೂ ಬರುತ್ತದೆ. 2018ರ ಭೋಗಿಯಂದು ಹೊಗೆ ಮಂಜಿನೊಡನೆ ಬೆರೆತು ವಿಮಾನಗಳೇ ನಿಂತಿದ್ದವು. ಆ ಮಸಿಗೆ ಎಣ್ಣೆಯ ಗುಣವಿದೆ, ಒರೆಸಿದರೆ ಹರಡುತ್ತದೆ. ಈ ಸಲ ಪೆರಿಯವರು ಬಟ್ಟೆಯನ್ನು ಹೆಗಲ ಮೇಲೇ ಬಿಟ್ಟು, ಚೊಂಬು ಹಿಡಿದು ಮೇಲಿನಿಂದ ನೀರು ಸುರಿಯುತ್ತ ಹೋದರು. ಮಸಿ ಗೆರೆಗೆರೆಯಾಗಿ ಇಳಿದು ಮೋರಿ ಸೇರಿತು.

ಹಳೆಯ ಗೀರುಗಳು ಹಾಗೆಯೇ ಇವೆ. ಪಾಲಿಶ್ ಹಾಕಿ ತೆಗೆಯಬಹುದು. ಆದರೆ ಪಾಲಿಶ್ ಎಂದರೆ ಗೀರಿನ ಸುತ್ತಲ ಲೇಪವನ್ನೂ ಗೀರಿನ ಮಟ್ಟಕ್ಕೆ ಸವೆಸುವುದು. ಇರುವುದೇ ಕೂದಲೆಳೆಗಿಂತ ತೆಳುವಾದ ಲೇಪ. ಹೊಸ ಗೀರು ಬೀಳದಿದ್ದರೆ ಅಪ್ಪನ ಕಾರಿಗೆ ಅಷ್ಟು ಸಾಕು.